ನನ್ನ ಗಂಡನ ಅರ್ಥಿಂಗು, ನನ್ನ ತಮ್ಮನ ಪೈಪು

ನನ್ನ ಗಂಡನಿಗೆ ಹೆದರಿಕೆ ಅಂದರೇನು ಅಂತ ಗೊತ್ತಿಲ್ಲ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ಅವರ ಜೊತೆ ಸಂಸಾರ ಮಾಡಿಲ್ಲ. ಜಿರಳೆ ಕಂಡರೆ ಈ ಮನುಷ್ಯ ಮಂಚ ಹತ್ತುತ್ತಾರೆ. ಹಲ್ಲಿನ ಡಾಕ್ಟರ ಹೆಸರೆತ್ತಿದರೆ ಸಾಕು, ಹಲ್ಲುನೋವು ತಾನಾಗಿಯೇ ವಾಸಿಯಾಗುತ್ತದೆ. ಆದರೆ ಎತ್ತರದ ತಾರಸಿಯ ಅಂಚಿಗೆ ಹೋದರೆಂದರೆ ಆಸಾಮಿಯೇ ಬೇರೆ. ನಾವು ಅಂಗಳದಲ್ಲಿ ನಿಂತಷ್ಟು ಆರಾಮಾಗಿ ಅಲ್ಲಿ ನಿಂತು, ಬಾಯಲ್ಲಿ ನಟ್ಟು ಕಚ್ಚಿಕೊಂಡೇ ಕೆಳಗಿರುವ ಮನೆ ಯಜಮಾನರಿಗೆ ಉಪದೇಶ ಶುರು ಮಾಡುತ್ತಾರೆ. ಒಂದು ಸಲವಾದರೂ ಆ ನಟ್ಟು ಗಂಟಲಿಗಿಳಿದು ಬುದ್ಧಿ ಬರಲಿ ಎಂದು ಕಾದಿದ್ದೇನೆ, ಇಳಿದಿಲ್ಲ.

ಆಂಟೆನಾ ಹಾಕುವುದು ಇವರ ಕಸುಬು. ಮೊದಲು ಮೀನಿನ ಮುಳ್ಳಿನಂಥ ಟಿ.ವಿ. ಆಂಟೆನಾ ಹಾಕುತ್ತಿದ್ದರು, ಆಮೇಲೆ ಡಿಶ್ಶು, ಈಗೀಗ ಇಂಟರ್ನೆಟ್ ಹಿಡಿಯುವ ಬಿಳಿ ಡಬ್ಬಿ. ತಲೆಯ ಮೇಲೆ ಕೂರುವ ವಸ್ತು ಬದಲಾಯಿತೇ ಹೊರತು ಅದರ ಕೆಳಗಿನ ಕಂಬ, ಕೇಬಲ್ಲು, ಅರ್ಥಿಂಗು ಬದಲಾಗಲಿಲ್ಲ. ಇವರ ಬಾಯಿಯೂ ಬದಲಾಗಲಿಲ್ಲ. ಏಣಿ ಊರುವ ಮುಂಚೆ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಕರೆಂಟಿನ ಲೈನು ನೋಡುತ್ತಾರೆ. ಕಂಬ ಅಕಸ್ಮಾತ್ ಅಡ್ಡ ಬಿದ್ದರೂ ಅದರ ತುದಿ ಲೈನಿಗೆ ತಾಗಬಾರದು, ಅಷ್ಟು ದೂರ ಇಲ್ಲದಿದ್ದರೆ ಕೆಲಸವೇ ಬೇಡ ಎಂದು ಎದ್ದು ಬರುತ್ತಾರೆ. ಅಲ್ಯೂಮಿನಿಯಂ ಏಣಿ ಕಂಡರೆ ಹಾವು ಕಂಡಂತೆ ಹಾರುತ್ತಾರೆ. ಕೇಬಲ್ಲು ಗೋಡೆಯ ತೂತಿಗೆ ನುಗ್ಗುವ ಮುಂಚೆ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇಳಬೇಕು, ಆಗ ಮಳೆನೀರು ಆ ಜೋತಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ. ಇದನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ಬೇರೆ ಹೆಂಗಸರ ಗಂಡಂದಿರು ಹೆಂಡತಿಯ ಕಣ್ಣು, ಮೂಗಿನ ಬಗ್ಗೆ ಮಾತಾಡುತ್ತಿದ್ದರಂತೆ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಅರ್ಥಿಂಗಿನದು, ಅಂದರೆ ಸಿಡಿಲನ್ನು ನೆಲಕ್ಕೆ ಇಳಿಸುವ ದಾರಿಯದು. ಕಂಬದ ಬುಡದಿಂದ ನೆಲದವರೆಗೆ ದಪ್ಪ ತಾಮ್ರದ ತಂತಿ ಇಳಿಯಬೇಕು, ಎಲ್ಲೂ ಕೊಕ್ಕೆಯಂತೆ ತಿರುಗಬಾರದು.

"ಸಿಡಿಲಿಗೆ ತಿರುವು ಗಿರುವು ಆಗಲ್ಲ ಕಣೇ," ಅನ್ನುವರು. "ಅದು ನಿನ್ನ ತಮ್ಮನ ಹಾಗೆ. ದಾರಿ ಬಿಟ್ರೆ ಸರಿ, ಇಲ್ಲಾಂದ್ರೆ ಎದುರಿಗೆ ಸಿಕ್ಕಿದ್ದನ್ನ ಗುದ್ದಿಕೊಂಡು ಹೋಗುತ್ತೆ."

ಇಷ್ಟು ಸಿಡಿಲು ಸಿಡಿಲು ಅಂದದ್ದಕ್ಕೆ ಜನ ಇವರಿಗೆ ಸಿಡಿಲಪ್ಪ ಅಂತಲೇ ಹೆಸರಿಟ್ಟರು. ಇವರಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಮೀಸೆಯ ಮೇಲೆ ಕೈಯಾಡಿಸಿಕೊಂಡರು.

ಈಗ ನನ್ನ ತಮ್ಮನ ವಿಷಯ. ಅವನು ನಲ್ಲಿ ರಿಪೇರಿಯವನು, ಅಂದರೆ ಪ್ಲಂಬರು. ಇವರು ಮನೆಗಳ ನೆತ್ತಿಯ ಮೇಲೆ, ಅವನು ಮನೆಗಳ ಹೊಟ್ಟೆಯೊಳಗೆ. ಮಾತು ಮಾತ್ರ ಇಬ್ಬರದೂ ಒಂದೇ ಜಾತಿ: ನನ್ನನ್ನು ಬಿಟ್ಟರೆ ಈ ಕೆಲಸ ಗೊತ್ತಿರುವವನು ಇನ್ನೊಬ್ಬ ಹುಟ್ಟಿಲ್ಲ. ಮೊದಮೊದಲು ಭಾವ ಭಾವ ಎಂದು ಇವರ ಹಿಂದೆಯೇ ಸುತ್ತುತ್ತಿದ್ದ. ನಾನು ತವರಿಗೆ ಹೋದರೆ ನನಗಿಂತ ಮೊದಲು ಇವರಿಗೆ ಚಹಾ ಬರುತ್ತಿತ್ತು.

ತವರುಮನೆಯ ತಾರಸಿಯ ಮೇಲೆ ಆಂಟೆನಾ ಹಾಕಿದ್ದೂ ಆ ದಿನಗಳಲ್ಲೇ. ಹೊಸ ಅಳಿಯ ಅತ್ತೆಯ ಮುಂದೆ ಕೈಚಳಕ ತೋರಿಸಬೇಕಲ್ಲ. ಆಗೆಲ್ಲ ಈ ಕಸುಬಿನವರದೊಂದು ರೂಢಿ ಇತ್ತು. ಅರ್ಥಿಂಗಿಗೆಂದು ಬೇರೆ ಸಲಾಕೆ ಹೂಳುವ ಗೋಜಿಲ್ಲ. ನೆಲದೊಳಗಿಂದ ಎದ್ದು ಗೋಡೆಗುಂಟ ತಾರಸಿಯ ಟ್ಯಾಂಕಿಗೆ ಹೋಗುವ ಕಬ್ಬಿಣದ ನೀರಿನ ಪೈಪು ಇರುತ್ತದಲ್ಲ, ಅದಕ್ಕೇ ತಂತಿ ಬಿಗಿಯುವುದು. ಬೀದಿಯ ತುಂಬ ಮಣ್ಣಿನಲ್ಲಿ ಮಲಗಿರುವ ಕಬ್ಬಿಣ, ಇದಕ್ಕಿಂತ ಒಳ್ಳೆಯ ಅರ್ಥಿಂಗ್ ಎಲ್ಲಿ ಸಿಗುತ್ತದೆ ಎನ್ನುವುದು ಇವರ ವಾದ. ಪೈಪನ್ನು ಉಜ್ಜಿ ಹೊಳಪು ಬರಿಸಿ, ಹಿತ್ತಾಳೆಯ ಕ್ಲಾಂಪು ಹಾಕಿ, ಪಾನೆಯಿಂದ ಬಿಗಿದು, ಅಮ್ಮನನ್ನು ಕರೆದು ತೋರಿಸಿದರು. ಅಮ್ಮನಿಗೆ ಏನೂ ತಿಳಿಯಲಿಲ್ಲ. ಆದರೂ ಚೆನ್ನಾಗಿದೆ ಅಳಿಯಂದ್ರೇ ಅಂದಳು.

ಭಾವಮೈದುನರ ಮಧ್ಯೆ ಜಗಳ ಹತ್ತಿಕೊಂಡದ್ದು ಕಂಬಳಿಯ ಮೇಲೆ. ನನ್ನ ತಮ್ಮನ ಹೆಂಡತಿ ಅಷ್ಟು ಎತ್ತರದ ಕಂಬ ಸುಮ್ಮನೆ ನಿಂತಿದೆಯಲ್ಲ ಎಂದು ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದಳು. ನೀರು ಸೋರುವ ಕಂಬಳಿಗಳನ್ನೆಲ್ಲ ಅದರ ಮೇಲೆ ಹೇರಿದಳು. ಕಂಬ ಮೆಲ್ಲಗೆ ವಾಲಿ ಕರೆಂಟಿನ ಲೈನಿನ ಕಡೆಗೆ ಮುಖ ಮಾಡಿತು. ಅದೇ ಹೊತ್ತಿಗೆ ಇವರು ಆ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಮೆಟ್ಟಿಲು ಹಾರಿಕೊಂಡು ಹೋಗಿ ಕಚಕ್ಕನೆ ಹಗ್ಗ ಕೊಯ್ದರು. ಕಂಬಳಿಗಳು ಕೆಳಗಿನ ಚರಂಡಿಗೆ ಬಿದ್ದವು. ತಮ್ಮನ ಹೆಂಡತಿ ಅಳತೊಡಗಿದಳು. ತಮ್ಮ ಒಳಗಿಂದ ಓಡಿ ಬಂದ.

"ಕಂಬ ಹತ್ತೋ ಮಂಗಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು?" ಅಂದ.

"ಕಂಡವರ ಮನೆ ತೂತಿಗೆಲ್ಲ ತಲೆ ಹಾಕೋನು ನೀನು, ನಿನ್ನಿಂದ ನಾನು ಮರ್ಯಾದೆ ಕಲೀಬೇಕಾ?" ಅಂದರು ಇವರು.

ಅಲ್ಲಿಂದ ಮುಂದೆ ನೀನು ಬಂದು ಕರೆಯುವವರೆಗೂ ನಿನ್ನ ಹೊಸಿಲು ತುಳಿಯಲ್ಲ ಅಂತ ಒಬ್ಬರ ಆಣೆ, ಸತ್ತರೂ ಕರೆಯಲ್ಲ ಅಂತ ಇನ್ನೊಬ್ಬನ ಆಣೆ. ಮರುದಿನ ತಮ್ಮ ಯಾರನ್ನೋ ಕರೆಸಿ ಕಂಬ ನೆಟ್ಟಗೆ ಮಾಡಿಸಿದ. ಕಂಬಳಿಗಳನ್ನು ಮತ್ತೆ ಒಗೆದರು, ವಾಸನೆ ಹೋಯಿತು. ಇವರಿಬ್ಬರು ಮಾತ್ರ ಹಾಗೆಯೇ ಉಳಿದರು. ಎದುರೆದುರು ಬಂದರೆ ಒಬ್ಬರು ಆಕಾಶ ನೋಡುವುದು, ಇನ್ನೊಬ್ಬ ಚರಂಡಿ ನೋಡುವುದು. ಕಸುಬಿಗೆ ತಕ್ಕ ಹಾಗೆ ಇತ್ತು ಅನ್ನಿ. ನಾನು ತವರಿಗೆ ಒಬ್ಬಳೇ ಹೋಗಿ ಬರುತ್ತಿದ್ದೆ. ಅಮ್ಮ ಪ್ರತಿ ಸಲ ಬಾಗಿಲ ಕಡೆ ನೋಡಿ, ಅಳಿಯಂದ್ರು ಬರಲಿಲ್ವಾ ಅನ್ನುತ್ತಿದ್ದಳು.

ವರ್ಷಗಳು ಹೀಗೇ ಹೋದವು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಬೆಳಗಿನಿಂದ ಬೇಯಿಸಿ ಹಾಕುವಂಥ ಸೆಕೆ. ಕಿಟಕಿಯಾಚೆ ಮೋಡ ಕವಿದು ಕಪ್ಪಾಗುತ್ತಿತ್ತು. ಮೋಡ ಕಂಡದ್ದರಿಂದ ಇವರು ಅರ್ಧ ಕೆಲಸ ಬಿಟ್ಟು ಮನೆಗೆ ಬಂದಿದ್ದರು. ದೂರದಲ್ಲಿ ಗುಡುಗು ಕೇಳಿದರೂ ತಾರಸಿಯಿಂದ ಇಳಿದುಬಿಡುವುದು ಇವರ ನಿಯಮ. ಬಡಿಸುತ್ತಾ ನಾನು ಸುಮ್ಮನೆ ಮಾತಿಗೆ ಹೇಳಿದೆ.

"ಅಮ್ಮನ ಮನೇಲಿ ಈಗ ನೀರು ಜೋರಾಗಿ ಬರುತ್ತೆ ಗೊತ್ತಾ? ಅಂಗಳದ ಪೈಪೆಲ್ಲ ತುಕ್ಕು ಹಿಡಿದು ಕಟ್ಟಿಕೊಂಡಿತ್ತಂತೆ. ತಮ್ಮ ಕಿತ್ತು ಪ್ಲಾಸ್ಟಿಕ್ಕಿಂದು ಹಾಕಿದಾನೆ."

ತುತ್ತು ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

"ಯಾವ ಪೈಪು?"

"ನೆಲದೊಳಗಿನದು. ಗೋಡೆ ಮೇಲಿಂದು ಗಟ್ಟಿ ಇದೆ ಅಂತ ಹಾಗೇ ಬಿಟ್ಟನಂತೆ. ಯಾಕೆ?"

ಇವರು ತುತ್ತನ್ನು ತಟ್ಟೆಗೆ ಹಾಕಿ ಎದ್ದರು. ಕೈ ಕೂಡ ತೊಳೆಯಲಿಲ್ಲ. ಊಟದಿಂದ ಈ ಮನುಷ್ಯ ಅರ್ಧಕ್ಕೆ ಎದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಅತ್ತೆಗೆ ಫೋನ್ ಮಾಡು," ಅಂದರು. "ನಲ್ಲಿ ಮುಟ್ಟಬೇಡಿ ಅಂತ ಹೇಳು. ಟಿ.ವಿ. ಹತ್ತಿರಾನೂ ಹೋಗೋದು ಬೇಡ ಅನ್ನು."

ಫೋನು ಬಡಿದುಕೊಂಡಿತು, ಅಮ್ಮ ಎತ್ತಲಿಲ್ಲ. ಅವಳಿಗೆ ಕಿವಿ ಅಷ್ಟಕ್ಕಷ್ಟೆ. ತಮ್ಮನಿಗೆ ಮಾಡಿದೆ, ಅವನದು ಸ್ವಿಚ್ ಆಫ್. ಯಾರದೋ ಬಚ್ಚಲಿನ ಕೆಳಗೆ ಮಲಗಿದ್ದನೇನೋ. ತಮ್ಮನ ಹೆಂಡತಿ ಹೊಲಿಗೆ ಅಂಗಡಿಯಲ್ಲಿದ್ದಳು. ಗಂಡನನ್ನು ಹುಡುಕಿ ಮನೆಗೆ ಕಳಿಸು ಅಂತ ಅವಳಿಗೆ ಕೂಗಿ ಹೇಳುವಷ್ಟರಲ್ಲಿ ಇವರು ಸ್ಕೂಟರು ತಿರುಗಿಸಿ ನಿಂತಿದ್ದರು.

ದಾರಿಯಲ್ಲಿ ಬಿಡಿಸಿ ಹೇಳಿದರು. ತಂತಿಯ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಗೋಡೆಯ ಕಬ್ಬಿಣದ ಪೈಪಿಗೆ. ಮೊದಲು ಆ ಪೈಪು ಸೀದಾ ಮಣ್ಣಿಗೆ ಇಳಿಯುತ್ತಿತ್ತು, ಸಿಡಿಲು ಬಡಿದರೂ ನೆಲಕ್ಕೆ ಹೋಗುತ್ತಿತ್ತು. ಈಗ ಬುಡದಲ್ಲಿ ಪ್ಲಾಸ್ಟಿಕ್ಕು, ನೆಲಕ್ಕೆ ದಾರಿಯೇ ಇಲ್ಲ. ಆದರೆ ಗೋಡೆಯ ಪೈಪಿನಿಂದ ಇನ್ನೊಂದು ದಾರಿ ಇದೆ.

"ಎಲ್ಲಿಗೆ?" ಅಂದೆ.

"ಅಡಿಗೆಮನೆ ನಲ್ಲಿಗೆ."

ಅಮ್ಮ ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತು ಅದು. ಭೂಮಿ ಬಿರಿದರೂ ಅವಳು ಎಂಜಲು ಪಾತ್ರೆ ಬಿಟ್ಟು ಏಳುವವಳಲ್ಲ. ನಾನು ಇವರ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡು, ಬೇಗ ಬೇಗ ಅಂತ ಬಡಿಯುತ್ತಲೇ ಇದ್ದೆ. ಇವರು ಒಂದು ಸಲವೂ ಗೊಣಗಲಿಲ್ಲ.

ತವರುಮನೆ ತಲುಪುವಾಗ ದಪ್ಪ ಹನಿ ಬೀಳುತ್ತಿತ್ತು. ಗೇಟು ದಾಟಿದರೆ ಎಡಗಡೆ ಗೋಡೆಯಲ್ಲೇ ಆ ಪೈಪು. ಇವರ ಹಿತ್ತಾಳೆ ಕ್ಲಾಂಪು ಇನ್ನೂ ಬಿಗಿಯಾಗಿ ಕೂತಿತ್ತು. ಅದರ ಕೆಳಗೆ ಒಂದು ಗೇಣಿನಲ್ಲೇ ಹೊಸ ಬಿಳಿ ಪ್ಲಾಸ್ಟಿಕ್ ಪೈಪಿನ ಮೊಣಕೈ ಜಾಯಿಂಟು. ತಮ್ಮನ ಕೆಲಸವೂ ಚೊಕ್ಕಟವಾಗಿತ್ತು, ಒಂದು ತೊಟ್ಟು ಸೋರುತ್ತಿರಲಿಲ್ಲ.

"ತಂತಿ ಬಿಚ್ಚಿಬಿಡಿ!" ಅಂದೆ.

"ಈಗ ಅದನ್ನ ಮುಟ್ಟಿದ್ರೆ ಅತ್ತೆಗಿಂತ ಮೊದಲು ನಾನು ಹೋಗ್ತೀನಿ. ನೀನೂ ಅದರ ಹತ್ತಿರ ಹೋಗಬೇಡ."

ಹಾಗಂದವರು ಹೊಸಿಲಿನ ಮುಂದೆ ಬಂದು ನಿಂತುಬಿಟ್ಟರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮನುಷ್ಯ ಹೊಸಿಲಿನ ಈಚೆಯೇ ನಿಂತು ಕತ್ತು ಚಾಚಿ, "ಅತ್ತೇ! ನಲ್ಲಿ ಬಿಡಿ! ಅತ್ತೇ!" ಎಂದು ಕೂಗತೊಡಗಿದರು. ಒಳಗೆ ಟಿ.ವಿ. ಅರಚುತ್ತಿತ್ತು. ಅಡಿಗೆಮನೆಯಿಂದ ಪಾತ್ರೆಯ ಸದ್ದು ಬರುತ್ತಿತ್ತು, ನೀರಿನ ಸದ್ದೂ ಬರುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಆಣೆಗಿಷ್ಟು ಬೆಂಕಿ ಹಾಕಾ!" ಎಂದು ಬೆನ್ನಿಗೆ ಎರಡೂ ಕೈಯಿಂದ ನೂಕಿದೆ. ನೂಕಿದ್ದಕ್ಕೆ ಹೋದರೋ, ಅಷ್ಟು ಹೊತ್ತಿಗೆ ತಾವೇ ಹೊರಟಿದ್ದರೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಒದ್ದೆ ಚಪ್ಪಲಿಯಲ್ಲೇ ಅಡಿಗೆಮನೆಗೆ ನುಗ್ಗಿ, ಅಮ್ಮನ ರೆಟ್ಟೆ ಹಿಡಿದು ನಲ್ಲಿಯಿಂದ ಸೆಳೆದರು. ಅಮ್ಮನ ಕೈಯಲ್ಲಿದ್ದ ಬಾಣಲೆ ನೆಲಕ್ಕೆ ಬಿದ್ದು ಗಿರ್ರನೆ ಸುತ್ತಿತು.

"ಏನಾಯ್ತೋ ನಿನಗೆ? ತಲೆ ಕೆಟ್ಟಿದೆಯಾ?" ಅಂದಳು ಅಮ್ಮ. ಅಳಿಯನಿಗೆ ನೀವು ತಾವು ಬಿಟ್ಟು ಏಕವಚನ ಹಾಕಿದ್ದು ಅದೇ ಮೊದಲು.

ನಡುಮನೆಯ ಮಧ್ಯದಲ್ಲಿ, ಗೋಡೆಯಿಂದ ದೂರಕ್ಕೆ ಕುರ್ಚಿ ಎಳೆದು ಅವಳನ್ನು ಕೂರಿಸಿದೆವು. ಟಿ.ವಿ. ಆಗಲೇ ಸಿಡಿಮಿಡಿ ಅನ್ನುತ್ತಿತ್ತು, ಅದನ್ನೂ ಅದರ ಪ್ಲಗ್ಗನ್ನೂ ಮುಟ್ಟಲು ಇವರು ಬಿಡಲಿಲ್ಲ. ಮರುಕ್ಷಣ ಕಿಟಕಿ ಬೆಳ್ಳಗಾಯಿತು. ಗಾಜು ನಡುಗುವ ಹಾಗೆ ಗುಡುಗಿತು. ಸಿಡಿಲು ಅಮ್ಮನ ಮನೆಗೆ ಬಡಿಯಲಿಲ್ಲ. ಎಲ್ಲೋ ಬೀದಿಯಾಚೆ ಬಿತ್ತು. ಟಿ.ವಿ. ಮಾತ್ರ ಟಪ್ ಅಂತ ಸತ್ತುಹೋಯಿತು.

ಅಷ್ಟರಲ್ಲಿ ತಮ್ಮ ಬಂದ. ತಲೆಯಿಂದ ನೀರು ಸುರಿಯುತ್ತಿತ್ತು, ಮೊಣಕಾಲವರೆಗೆ ಕೆಸರು. ನಡುಮನೆಯಲ್ಲಿ ಭಾವ ನಿಂತಿದ್ದನ್ನು ನೋಡಿ ಬಾಗಿಲಲ್ಲೇ ಕಲ್ಲಾದ. ಇವರು ಇದಕ್ಕೇ ಕಾದಿದ್ದವರಂತೆ ಶುರು ಮಾಡಿದರು. ತಂತಿ, ಪೈಪು, ಪ್ಲಾಸ್ಟಿಕ್ಕು, ನಲ್ಲಿ, ಅತ್ತೆಯ ಕೈ, ಎಲ್ಲ ಒಂದೇ ಉಸಿರಿನಲ್ಲಿ. ಕೊನೆಗೆ, "ಪೈಪ್ ಕೊಯ್ಯೋವಾಗ ಕಣ್ಣು ಎಲ್ಲಿಟ್ಟಿದ್ದೆ? ಅಷ್ಟು ದಪ್ಪ ತಂತಿ ಕಾಣಲಿಲ್ವಾ?" ಅಂದರು.

ಇನ್ನೇನು ಮತ್ತೆ ಮಂಗ, ತೂತು ಎಲ್ಲ ಹೊರಬರುತ್ತವೆ ಎಂದು ನಾನು ಸೆರಗು ಸಿಕ್ಕಿಸಿ ಸಿದ್ಧಳಾದೆ. ತಮ್ಮ ಜಗಳಕ್ಕೆ ಬರಲಿಲ್ಲ. ಅಮ್ಮನ ಸೋಪು ಹತ್ತಿದ ಕೈಯನ್ನೇ ನೋಡುತ್ತಿದ್ದ.

"ಕಾಣಿಸ್ತು ಅಕ್ಕಾ," ಅಂದ. ಇವರಿಗಲ್ಲ, ನನಗೆ. "ಏನೋ ಕಾರಣಕ್ಕೆ ಕಟ್ಟಿರ್ತಾರೆ ಅಂತಾನೂ ಗೊತ್ತಾಯ್ತು. ಒಂದು ಮಾತು ಕೇಳೋಣ ಅಂತ ಫೋನು ತೆಗೆದೆ. ಆಮೇಲೆ ಆ ಮನುಷ್ಯನ್ನ ನಾನ್ಯಾಕೆ ಕೇಳಲಿ ಅಂತ ಜೇಬಿಗೆ ಹಾಕ್ಕೊಂಡೆ."

ನನ್ನ ಗಂಡ ಬಾಯಿ ತೆರೆದರು. ಗೆಲ್ಲುವ ಮಾತು ಎದುರಿಗೇ ಬಿದ್ದಿತ್ತು, ಎತ್ತಿಕೊಳ್ಳುವುದಷ್ಟೇ ಬಾಕಿ. ಎತ್ತಿಕೊಳ್ಳಲಿಲ್ಲ. ನಿಂತಲ್ಲೇ ನಿಂತು, ಅಂಗಿಯ ಗುಂಡಿ ತಿರುವುತ್ತಾ, ಆಂಟೆನಾದವರಿಗೆ ಒಗ್ಗದಂಥ ಸಣ್ಣ ದನಿಯಲ್ಲಿ ಹೇಳಿದರು.

"ನಾನೂ ನೋಡಿದ್ದೆ. ಇವನು ಗಾಡಿ ಮೇಲೆ ಪ್ಲಾಸ್ಟಿಕ್ ಪೈಪು ಕಟ್ಟಿಕೊಂಡು ಈ ಗೇಟಿನೊಳಗೆ ಹೋಗಿದ್ದನ್ನ ಆಚೆ ಬೀದಿ ತಾರಸಿಯಿಂದ ನೋಡಿದ್ದೆ. ಮನಸ್ಸಿಗೆ ಚುಚ್ಚಿತ್ತು. ಮನೇಲಿ ಇಟ್ಕೊಂಡು ನಾಳೆ ಬೇರೆ ಯಾರದೋ ಕೆಲಸಕ್ಕೆ ಒಯ್ತಾನೆ ಬಿಡು ಅಂತ ನನಗೆ ನಾನೇ ಹೇಳ್ಕೊಂಡೆ. ಹಾಗಿಲ್ಲದಿದ್ದರೆ ಅವನಾಗಿ ಬಂದು ಕೇಳಲಿ ಅಂದ್ಕೊಂಡೆ."

ಮಳೆ ಜೋರಾಯಿತು. ಅಮ್ಮ ಇವರ ಮುಖ ನೋಡಿದಳು, ಆಮೇಲೆ ತಮ್ಮನ ಮುಖ ನೋಡಿದಳು. ಅವಳಿಗೆ ಕಿವಿ ಮಂದ, ಆದರೆ ಈ ಎರಡು ಮಾತು ಪೂರ್ತಿ ಕೇಳಿಸಿದ್ದವು.

"ಅಂದ್ರೆ ಇಬ್ಬರಿಗೂ ಗೊತ್ತಿತ್ತು," ಅಂದಳು.

ನನಗೆ ಕೋಪ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಬೇಕೋ ತಿಳಿಯದೆ ಸುಮ್ಮನೆ ನಿಂತೆ. ಅಮ್ಮ ಎದ್ದಳು. ಕೈಗೆ ಅಂಟಿದ ಸೋಪು ಒಣಗಿ ತುರಿಸುತ್ತಿತ್ತೆಂದು ಕಾಣುತ್ತದೆ, ಅಡಿಗೆಮನೆಯ ಕಡೆಗೆ ಹೆಜ್ಜೆ ಹಾಕಿದಳು.

"ನಲ್ಲಿ ಮುಟ್ಟಬೇಡಿ!" ಎಂದು ನಾವು ಮೂವರೂ ಒಟ್ಟಿಗೆ ಕಿರುಚಿದೆವು.

ಅಮ್ಮ ನಿಂತಳು. ತಿರುಗಿ ಬಂದು ಒಂದು ಕೈಯನ್ನು ಮಗನ ಅಂಗಿಗೆ, ಇನ್ನೊಂದನ್ನು ಅಳಿಯನ ಅಂಗಿಗೆ ಚೆನ್ನಾಗಿ ಒರೆಸಿ, ಮತ್ತೆ ಕುರ್ಚಿಯಲ್ಲಿ ಕೂತಳು. ಮಳೆ ನಿಲ್ಲುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಬೆಳಗಾಗುತ್ತಲೇ ಇಬ್ಬರೂ ಕೆಲಸಕ್ಕಿಳಿದರು. ಮೊದಲು ಪೈಪಿನಿಂದ ತಂತಿ ಬಿಚ್ಚಿದರು. ತಮ್ಮ ಕಂಬದ ನೇರಕ್ಕೆ ಗೋಡೆಯ ಬುಡದಲ್ಲಿ ಒದ್ದೆ ಮಣ್ಣು ಹುಡುಕಿ, ಆಳುದ್ದದ ತಾಮ್ರದ ಸಲಾಕೆಯನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದ. ಇವರು ತಾರಸಿಯಿಂದ ಹೊಸ ತಂತಿಯನ್ನು ನೆಟ್ಟಗೆ ಇಳಿಬಿಟ್ಟರು. ಕೇಬಲ್ಲು ಮನೆಯೊಳಗೆ ಹೋಗುವ ಜಾಗದಲ್ಲಿ ಒಂದು ಸಣ್ಣ ಲೋಹದ ಜೋಡಣೆ ಕೂರಿಸಿ, ಕೇಬಲ್ಲಿನ ಒಳತಂತಿಯನ್ನು ಸುತ್ತಿರುವ ಲೋಹದ ಜಾಲರಿಯನ್ನೂ ಅದೇ ಸಲಾಕೆಗೆ ಸೇರಿಸಿದರು. ಕರೆಂಟಿನವನನ್ನು ಕರೆಸಿ, ಮನೆಯ ಕರೆಂಟಿನ ಅರ್ಥಿಂಗನ್ನೂ ಈ ಹೊಸ ಅರ್ಥಿಂಗನ್ನೂ ದಪ್ಪ ತಂತಿಯಿಂದ ಕೂಡಿಸಿದರು. ಒಂದು ಮನೆಯಲ್ಲಿ ಎರಡು ಅರ್ಥಿಂಗ್ ಬೇರೆ ಬೇರೆ ಇದ್ದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಮನೆಯ ಒಳಗಿನಿಂದಲೇ ಹಾರುತ್ತದಂತೆ.

ಮೇಲಿಂದ ಒಬ್ಬರು, ಕೆಳಗಿಂದ ಒಬ್ಬ, ಬಿಡು, ಎಳಿ, ಸ್ವಲ್ಪ ಸಡಿಲ ಮಾಡಿ ಭಾವ, ನಿನ್ನ ತಲೆ, ಅಂತ ಮಧ್ಯಾಹ್ನದವರೆಗೆ ಒದರಾಡಿದರು. ವರ್ಷಗಟ್ಟಲೆ ಕಟ್ಟಿಟ್ಟದ್ದನ್ನೆಲ್ಲ ಒಂದೇ ದಿನ ಬಿಚ್ಚುವ ಹಾಗೆ. ಆ ಬೀದಿಯಲ್ಲಿ ಇವರು ತಂತಿ ಬಿಗಿದ, ಅವನು ಪೈಪು ಬದಲಿಸಿದ ಮನೆಗಳು ಇನ್ನೂ ಇದ್ದವು. ಆ ವಾರವೆಲ್ಲ ಇಬ್ಬರೂ ಒಂದೇ ಏಣಿ ಹೊತ್ತು ಮನೆ ಮನೆಗೆ ಹೋಗಿ ಸರಿ ಮಾಡಿ ಬಂದರು. ಪ್ರತಿ ಮನೆಯಲ್ಲೂ ತಪ್ಪು ಯಾರದು ಅಂತ ಜೋರಾಗಿ ವಾದಿಸಿದರಂತೆ. ಈಗ ಒಬ್ಬರನ್ನೊಬ್ಬರು ಬಿಟ್ಟು ಚಹಾ ಕುಡಿಯುವುದಿಲ್ಲ. ಇವರಿಬ್ಬರ ಬಾಯಿ ಮುಚ್ಚಿದ್ದಾಗ ನನಗೆ ಬೇಜಾರಿತ್ತು, ತೆರೆದ ಮೇಲೆ ತಲೆನೋವು.

ಅಮ್ಮನ ಮನೆಯ ಕೆಲಸ ಮುಗಿದ ದಿನ ಮಧ್ಯಾಹ್ನ ಅಮ್ಮ ಎಲ್ಲರಿಗೂ ಊಟಕ್ಕೆ ಹಾಕಿದಳು. ಇವರು ಅಂಗಿ ಬದಲಿಸಿ, ಕೂದಲು ಬಾಚಿ, ತಟ್ಟೆಯ ಮುಂದೆ ಕೂತರು.

"ಅತ್ತೆ, ಸಿಡಿಲು ನೇರ ತಲೆ ಮೇಲೇ ಬಂದು ಬಡಿದ್ರೆ ಯಾರ ಕೈಲೂ ಇಲ್ಲ. ಆದರೆ ಇನ್ನು ನಿಮ್ಮ ನಲ್ಲಿಗಂತೂ ಅದು ಬರಲ್ಲ. ಆದ್ರೂ ಗುಡುಗೋವಾಗ ಪಾತ್ರೆ ತೊಳೀಬೇಡಿ," ಅಂದರು.

ಅಮ್ಮ ಅನ್ನ ಹಾಕಿದಳು.

"ಅಮ್ಮಾ, ಭಾವ ಹೇಳ್ತಿರೋದು ಕೇಳಿಸ್ತಾ?" ಅಂದ ತಮ್ಮ.

ಅಮ್ಮ ಅವನ ತಟ್ಟೆಗೂ ಅನ್ನ ಹಾಕಿದಳು. ಇಬ್ಬರಿಗೂ ಏನು ಬೇಕೋ, ಎಷ್ಟು ಬೇಕೋ, ಕೇಳದೆಯೇ ಬಡಿಸಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು, ನಿನ್ನ ಮಂಡಿನೋವು ಹೇಗಿದೆ ಮಗಳೇ ಅಂತ ಕೇಳಿದಳು. ಅವರಿಬ್ಬರೊಡನೆ ಅವಳು ಆವತ್ತು ಮಾತಾಡಲಿಲ್ಲ. ಇವತ್ತಿನವರೆಗೂ ಮಾತಾಡಿಲ್ಲ.